ಶುಕ್ರವಾರದ ಉಪ್ಪು

ದೀಪ ಹಚ್ಚಿ ಕೈ ಮುಗಿಯುವ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು.

ನೇತ್ರಾ ಬಾಗಿಲು ತೆರೆದಳು. ಎದುರಿಗೆ, ಕೆಳಗಿನ ಮಹಡಿಗೆ ಹೊಸದಾಗಿ ಬಂದಿದ್ದ ಎತ್ತರದ ಮನುಷ್ಯ. ಅವನ ಕೈ ಹಿಡಿದು ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ. ಇಬ್ಬರದೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲೋ ಹೊರಟವರ ಹಾಗಿದ್ದರು, ಆದರೆ ಕಾಲಲ್ಲಿ ಮನೆಯ ಚಪ್ಪಲಿ.

"ಕ್ಷಮಿಸಿ," ಅವನು ಜರ್ಮನ್‌ನಲ್ಲಿ ಕೇಳಿದ. "ಸ್ವಲ್ಪ ಉಪ್ಪು ಸಿಗಬಹುದೇ? ಒಂದು ಚಮಚ ಸಾಕು. ನಮ್ಮ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿಲ್ಲ."

ಉಪ್ಪು... ಅದೂ ಶುಕ್ರವಾರ, ದೀಪ ಹಚ್ಚಿದ ಮೇಲೆ.

ನೇತ್ರಾ ಜರ್ಮನಿಯ ಮ್ಯೂನಿಕ್ ನಗರದ ಅಂಚಿನ ಉಂಟರ್‌ಫ್ಯೋರಿಂಗ್‌ನ ಐಟಿ ಕಂಪನಿಯೊಂದರಲ್ಲಿ ದೊಡ್ಡ ತಂಡ ನಡೆಸುವವಳು. ಮಡಿ ಮೈಲಿಗೆ ಎಂದರೆ ನಗುವವಳು. ಆದರೆ ಗದಗಿನಲ್ಲಿ ಹುಟ್ಟಿ ಬೆಳೆದವಳಿಗೆ ಕೆಲವು ಮಾತು ಬುದ್ಧಿಗಿಂತ ಮೊದಲು ಕೈಗೆ ತಿಳಿದಿರುತ್ತವೆ. ಅವಳ ಕೈ ತಾನಾಗಿಯೇ ಬಾಗಿಲನ್ನು ಅರ್ಧ ಮುಚ್ಚಿತು.

"ಇವತ್ತು ಆಗುವುದಿಲ್ಲ," ಎಂದಳು. ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎನ್ನುವುದನ್ನು ಜರ್ಮನ್‌ನಲ್ಲಿ ಹೇಗೆ ಹೇಳಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಅವನ ಮುಖ ಸಪ್ಪಗಾಯಿತು. ಹುಡುಗಿಯ ಕೊರಳಲ್ಲಿ ಆರು ಮೂಲೆಯ ಸಣ್ಣ ನಕ್ಷತ್ರವೊಂದು ನೇತಾಡುತ್ತಿತ್ತು. ಅವನು ಅದನ್ನು ಅವಳ ಅಂಗಿಯೊಳಗೆ ಸರಿಸಿ, ಹೊರಡಲು ತಿರುಗಿದ.

ನೇತ್ರಾಳಿಗೆ ಅರ್ಥವಾಯಿತು. ಅಯ್ಯೋ... ಇವರು ಯಹೂದಿಗಳೆಂದು ನಾನು ಉಪ್ಪು ಕೊಡಲಿಲ್ಲ ಅಂದುಕೊಂಡರಾ?

ಅಷ್ಟರಲ್ಲಿ ಅಡುಗೆಮನೆಯಿಂದ ಬಸಕ್ಕನ ದನಿ ಬಂತು. ಬಸಕ್ಕ ನೇತ್ರಾಳ ತಾಯಿ. ಮಗಳನ್ನು ನೋಡಲು ಗದಗಿನಿಂದ ಬಂದು ವಾರವಾಗಿತ್ತು.

"ಯಾರವಾ ಅದು?"

"ಕೆಳಗಿನ ಮನಿಯವರು, ಯವ್ವಾ. ಉಪ್ಪು ಕೇಳಾಕತ್ತಾರ."

"ಶುಕ್ರವಾರ ದೀಪ ಹಚ್ಚಿದಮ್ಯಾಲ ಉಪ್ಪು ಕೊಡ್ತಾರೇನು? ನಾಳಿಗೆ ಬರ್ರಿ ಅನ್ನು."

ಮೆಟ್ಟಿಲು ಇಳಿಯುತ್ತಿದ್ದವನು ನಿಂತ. ತಿರುಗಿದ. ಅವನ ಮುಖದ ತುಂಬ ನಗು.

"ಬರೋಬ್ಬರಿ ಐತ್ರಿ," ಎಂದ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ. "ನಮ್ಮ ಓಣಿಯಾಗ ಬಸಲಿಂಗವ್ವ ಆಯಿನೂ ಕೊಡ್ತಿರಲಿಲ್ರಿ. ನಮ್ಮವ್ವ ಗುರುವಾರನ ಇಸ್ಕೊಂಡ ಇಡ್ತಿದ್ಲು. ನಾನ ಮರ್ತೆ."

ಹಾಗೆಂದವನು ಬಗ್ಗಿ, ಮಗಳ ನಕ್ಷತ್ರವನ್ನು ಮತ್ತೆ ಅಂಗಿಯ ಹೊರಗೆ ತೆಗೆದಿಟ್ಟ.

ಅವನ ಹೆಸರು ರೂಬೆನ್ ಪೇಣಕರ್. ಕೊಂಕಣದ ದಂಡೆಯಲ್ಲಿ ನೆಲೆ ನಿಂತ ಯಹೂದಿಗಳ ಕುಲ. ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಬಂದವರು ಅಲ್ಲಿಯೇ ಉಳಿದಿದ್ದರು. ಹೆಂಡತಿ ಡೀನಾ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷವಾಗಿತ್ತು. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ, ರೊಟ್ಟಿಯನ್ನು ಉಪ್ಪಿಗೆ ತಾಕಿಸಿ ತಿನ್ನುತ್ತಾರೆ. ಬತ್ತಿ ಹಚ್ಚಿದ ಮೇಲೆ ಅಂಗಡಿಗೆ ಹೋಗುವ ಹಾಗಿಲ್ಲ. ಅದಕ್ಕೇ ಅವತ್ತು ಮೇಲಿನ ಮನೆಯ ಗಂಟೆ ಬಾರಿಸಿದ್ದ.

ಇದನ್ನೆಲ್ಲ ಅವನು ಮಾರನೆಯ ವಾರ ಚಹಾ ಕುಡಿಯುತ್ತ ಹೇಳಿದಾಗ ಬಸಕ್ಕ ಮಗಳನ್ನು ಕೇಳಿದಳು, "ಯಹೂದಿ ಅಂದ್ರ ಯಾವ ಕಡಿಯವರವಾ?"

"ಹುಬ್ಬಳ್ಳಿಯವರು, ಯವ್ವಾ."

"ಹಂಗಾದ್ರ ನಮ್ಮವರ."

ರೂಬೆನ್ ನಕ್ಕ. "ನಮ್ಮ ಹಿರ್ಯಾರು ಕೊಂಕಣದಾಗ ಎಣ್ಣಿ ಗಾಣ ನಡಸ್ತಿದ್ರಂತ್ರಿ. ಶನಿವಾರ ಮಾತ್ರ ಗಾಣ ನಿಲ್ಲಸ್ತಿದ್ರು."

"ಮತ್ತ ನೋಡು," ಬಸಕ್ಕ ಗಂಭೀರವಾಗಿ ಹೇಳಿದಳು. "ಶನಿವಾರ ಎಣ್ಣಿ ತರಬಾರದು ಅಂತ ನಾವು ಸುಮ್ಮನ ಅಂತೀವೇನು?"

ಅಂದಿನಿಂದ ರೂಬೆನ್ ಪ್ರತಿ ಗುರುವಾರ ಉಪ್ಪು ಇಸಿದುಕೊಳ್ಳಲು ಬರತೊಡಗಿದ.

ಪೆಟ್ಟಿಗೆಗಳನ್ನು ಬಿಚ್ಚಿದ ಮೇಲೂ ಬಂದ. ಅವನ ಮನೆಯ ಎದುರಿಗೇ ಸೂಪರ್ ಮಾರ್ಕೆಟ್ ಇದ್ದರೂ ಬಂದ. ಮಗಳು ಲೇಯಾ ಬಟ್ಟಲು ಹಿಡಿದು ಮುಂದೆ, ಅವನು ಹಿಂದೆ. ಮಿಕ್ಕೆಲ್ಲವನ್ನೂ ಜರ್ಮನ್‌ನಲ್ಲಿ ಹೇಳುತ್ತಿದ್ದ ಆ ಹುಡುಗಿ ಕಲಿತ ಮೊದಲ ಕನ್ನಡ, "ಉಪ್ಪ್ ಕೊಡ್ರಿ."

"ಆ ಮನಿಯಾಗೇನು ಉಪ್ಪಿನಕಾಯಿ ಕಾರ್ಖಾನಿ ಇಟ್ಟಾರೇನವಾ?" ಎಂದು ಬಸಕ್ಕ ಒಂದು ದಿನ ಕೇಳಿದಳು.

ನೇತ್ರಾ ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದಳು. ಒಮ್ಮೆ ಮದುವೆಯಾಗಿ, ಸದ್ದುಗದ್ದಲವಿಲ್ಲದೆ ಅದನ್ನು ಮುಗಿಸಿಕೊಂಡು ಬಂದವಳು ಅವಳು. ಇನ್ನು ಸಾಕು ಎಂದುಕೊಂಡಿದ್ದಳು. ಈಗ ಗುರುವಾರ ಮಧ್ಯಾಹ್ನದಿಂದಲೇ ಗಂಟೆಯ ಕಡೆ ಕಿವಿ ಹೋಗುತ್ತಿತ್ತು. ಹಾಳು ಕಿವಿ.

ರೂಬೆನ್‌ನ ಚಿಂತೆಯೆಲ್ಲ ಲೇಯಾಳದು. ಅವರಿದ್ದ ಸಣ್ಣ ಊರಿನ ಶಾಲೆ ಚೆನ್ನಾಗಿಯೇ ಇತ್ತು. ಆದರೆ ಧರ್ಮದ ತರಗತಿಯ ಹೊತ್ತಿಗೆ ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಪ್ರೊಟೆಸ್ಟಂಟ್ ಮಕ್ಕಳು ಇನ್ನೊಂದಕ್ಕೆ ಹೋಗುತ್ತಿದ್ದರು. ಉಳಿದವರು ಮೂರನೆಯದರಲ್ಲಿ ಕೂತು ನೀತಿಪಾಠ ಕೇಳಬೇಕು. ನವೆಂಬರಿನಲ್ಲಿ ಕ್ರೈಸ್ತ ಸಂತರೊಬ್ಬರ ಹಬ್ಬಕ್ಕೆ ಮಕ್ಕಳೆಲ್ಲ ಲಾಟೀನು ಹಿಡಿದು ಮೆರವಣಿಗೆ ಹೋದ ದಿನ, ಲೇಯಾ ಅರ್ಧದಾರಿಯಲ್ಲಿ ನಿಂತು ಕೇಳಿದಳಂತೆ, "ಪಾಪಾ, ಇದು ಅವರದು. ನಮ್ಮದು ಎಲ್ಲಿದೆ?"

"ಏನ ಹೇಳಲ್ರಿ?" ರೂಬೆನ್ ನೇತ್ರಾಳನ್ನು ಕೇಳಿದ. "ಹುಬ್ಬಳ್ಳಿಯಾಗ ನಮ್ಮವು ನಾಕ ಮನಿ ಇದ್ವು. ನನಗ ಅಷ್ಟ ಸಾಕಾಗಿತ್ತು. ಇಕಿಗೆ ಇಲ್ಲಿ ಒಂದೂ ಇಲ್ಲ. ಇಕಿ ಮರ್ತ್ರ ನಮ್ಮನಿಯಾಗ ಎಲ್ಲಾ ಮುಗೀತು."

ಯಹೂದಿಗಳು ಇದ್ದದ್ದು ಮ್ಯೂನಿಕ್ ನಗರದೊಳಗೆ. ಅಲ್ಲಿ ಪ್ರಾರ್ಥನೆಯ ಮಂದಿರ, ಭಾನುವಾರದ ಪಾಠ, ಒಂದು ಯಹೂದಿ ಶಾಲೆ. ಸೀಟು ಸಿಗುವುದು ಕಷ್ಟ. ಅವನು ಅರ್ಜಿ ಹಾಕಿ ಕಾಯುತ್ತಿದ್ದ.

ಒಂದು ಭಾನುವಾರ ಲೇಯಾ ಹಟ ಹಿಡಿದದ್ದಕ್ಕೆ ನೇತ್ರಾ ಅವರ ಜೊತೆ ಎಸ್-ಬಾನ್ ರೈಲು ಹತ್ತಿದಳು. ಪಾಠದ ಕಟ್ಟಡದ ಮುಂದೆ, ಅಲ್ಲಿ ಯಹೂದಿಗಳ ಕಟ್ಟಡಗಳಿಗೆಲ್ಲ ಇರುವ ಹಾಗೆ, ಪೊಲೀಸ್ ಗಾಡಿ. ಗೇಟಿನಲ್ಲಿ ಕಾವಲಿನವನು ಎಲ್ಲರ ಚೀಲವನ್ನೂ ನೋಡುತ್ತಿದ್ದ.

"ನೀವು ಮಗುವಿನ ತಾಯಿಯೇ?" ಅವನು ಸಹಜವಾಗಿ ಕೇಳಿದ.

"ಅಲ್ಲ, ಅಲ್ಲ," ನೇತ್ರಾ ಗಡಿಬಿಡಿಯಿಂದ ಹೇಳಿದಳು. "ಬರೀ ನೆರೆಯವಳು."

ರೂಬೆನ್ ಒಮ್ಮೆ ಅವಳ ಕಡೆ ನೋಡಿ, ಚೀಲದ ಜಿಪ್ ಎಳೆದುಕೊಂಡ. ಹಾಗೆ ಹೇಳಿದ್ದೇ ಸರಿ ಎಂದು ಅವಳಿಗೆ ಆಗ ಅನಿಸಿತ್ತು.

ಒಳಗೆ ಮಕ್ಕಳು ಹಾಡುತ್ತಿದ್ದರು. ಲೇಯಾಳ ದನಿ ಎಲ್ಲರಿಗಿಂತ ಮೇಲೆ. ಪಾಠ ನೋಡಿಕೊಳ್ಳುವ ಫ್ರಾವ್ ಗುರೆವಿಚ್ ಎಂಬ ಹಿರಿಯ ಹೆಂಗಸು ರಷ್ಯನ್ ಎಳೆಯುಳ್ಳ ಜರ್ಮನ್‌ನಲ್ಲಿ ರೂಬೆನ್‌ಗೆ ಹೇಳುತ್ತಿದ್ದಳು, "ತಾಯಿ ಮುಖ್ಯ, ನೋಡಿ. ನಮ್ಮಲ್ಲಿ ಎಲ್ಲವೂ ತಾಯಿಯಿಂದಲೇ ಬರುವುದು."

ಕೋಟು ತೂಗುಹಾಕುತ್ತಿದ್ದ ನೇತ್ರಾಳ ಕಿವಿಗೆ ಬಿದ್ದದ್ದು ಅಷ್ಟೇ ಮಾತು. ಅಷ್ಟೇ ಸಾಕಾಯಿತು.

ಹೌದಲ್ಲ... ಈ ಹುಡುಗಿಗೆ ಅವರವಳೇ ಒಬ್ಬ ತಾಯಿ ಬೇಕು. ನಾನು ನಡುವೆ ನಿಂತರೆ ಇವಳಿಗೆ ಈ ಬಾಗಿಲು ತೆರೆಯುವುದಿಲ್ಲ.

ಮನಸ್ಸು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ ಎನ್ನುತ್ತಾರೆ. ಪ್ರೀತಿಸುವ ಮನಸ್ಸು ತಾನು ಹೆದರುವುದನ್ನೇ ಕೇಳಿಸಿಕೊಳ್ಳುತ್ತದೆ.

ಡಿಸೆಂಬರ್ ಮೊದಲ ವಾರ ರೂಬೆನ್ ಮೇಲೆ ಬಂದ.

"ಸೀಟು ಸಿಕ್ತು. ಕ್ರಿಸ್‌ಮಸ್ ಸೂಟಿ ಮುಗದಮ್ಯಾಲ ಸೇರ್ಸಬಹುದಂತ. ಶಾಲಿ ಹತ್ತರನ ಒಂದು ಮನಿನೂ ಐತಿ. ಶನಿವಾರ ಮಂದಿರಕ್ಕ ನಡಕೊಂಡ ಹೋಗಬಹುದು." ಅವನು ಕಪ್ಪನ್ನು ತಿರುಗಿಸುತ್ತ ಕೂತ. "ನೀವೇನ ಅಂತೀರಿ?"

ಹೋಗಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು.

"ಚೊಲೋ ಆತಲ್ಲ. ಹೋಗ್ರಿ," ಎಂದಳು.

"ಅಷ್ಟನ?"

"ಅಷ್ಟ."

ಕನ್ನಡದವರು ಯಾರನ್ನೂ ಬರಿದೇ 'ಹೋಗ್ರಿ' ಎನ್ನುವುದಿಲ್ಲ. 'ಹೋಗಿ ಬರ್ರಿ' ಎನ್ನುತ್ತಾರೆ. ಅದು ಅವನಿಗೂ ಗೊತ್ತಿತ್ತು. ಅವನು ಚಹಾ ಮುಗಿಸದೆ ಎದ್ದು ಹೋದ.

ಆ ಗುರುವಾರ ಗಂಟೆ ಬಾರಿಸಲಿಲ್ಲ. ಸಂಜೆ ನೇತ್ರಾ ಕಸ ಹಾಕಲು ಇಳಿದಾಗ ರೂಬೆನ್ ಅಂಗಡಿಯಿಂದ ಬರುತ್ತಿದ್ದ. ಅವನ ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಉಪ್ಪಿನ ಪಾಕೀಟು ಇತ್ತು. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ಹವೆಯ ಬಗ್ಗೆ ಎರಡು ಮಾತಾಡಿ ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ನೇತ್ರಾ ಅತ್ತಳು. ಅಂಗಡಿಯ ಒಂದು ಉಪ್ಪಿನ ಪಾಕೀಟು ನೋಡಿ ಅಳುವ ಹೆಣ್ಣು ಇಡೀ ಜರ್ಮನಿಯಲ್ಲಿ ತಾನೊಬ್ಬಳೇ ಇರಬೇಕು ಅನಿಸಿ ಇನ್ನಷ್ಟು ಅತ್ತಳು.

ಊಟಕ್ಕೆ ಕೂತ ಬಸಕ್ಕ ಸಾರು ಬಾಯಿಗಿಟ್ಟು ಚಮಚ ಕೆಳಗಿಟ್ಟಳು. "ಉಪ್ಪ ಹಾಕೋದ ಮರ್ತೀಯಲ್ಲವಾ," ಎಂದಳು. ತಾನೇ ಉಪ್ಪು ಬೆರೆಸಿಕೊಂಡು, "ಮುಂದಿನ ವಾರ ನನ್ನ ತಿಕೀಟ ಐತಿ. ನಿನ್ನ ಹಿಂಗ ಬಿಟ್ಟು ನಾ ವಿಮಾನ ಹ್ಯಾಂಗ ಹತ್ತಲಿ?" ಎಂದಳು.

ಮರುದಿನ ಶುಕ್ರವಾರ. ನಾಲ್ಕು ಗಂಟೆಗೇ ಮಬ್ಬುಗತ್ತಲು. "ಹಗಲ ಹೊತ್ತಿನಾಗ ದೀಪ ಹಚ್ಚೋ ದೇಶ," ಎಂದು ಗೊಣಗುತ್ತಲೇ ಬಸಕ್ಕ ಬತ್ತಿ ಹೊಸೆದುಕೊಟ್ಟಳು. ನೇತ್ರಾ ದೀಪ ಹಚ್ಚಿದಳು.

ಬಾಗಿಲ ಗಂಟೆ ಬಾರಿಸಿತು.

ರೂಬೆನ್ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಲೇಯಾ, ಅವಳ ಕೈಯಲ್ಲಿ ಖಾಲಿ ಬಟ್ಟಲು.

"ಸ್ವಲ್ಪ ಉಪ್ಪು ಬೇಕಾಗಿತ್ರಿ."

"ನಿಮ್ಮ ಮನಿಯಾಗ ಪಾಕೀಟ ಐತಿ. ನಾನ ನೋಡೇನಿ."

"ಐತ್ರಿ."

"ಇವತ್ತ ಶುಕ್ರವಾರ. ದೀಪ ಹಚ್ಚೇನಿ."

"ಗೊತ್ತೈತಿ." ಅವನು ಹೊಸ್ತಿಲು ದಾಟದೆ ಹೇಳಿದ. "ಬಸಲಿಂಗವ್ವ ಆಯಿ ಶುಕ್ರವಾರ ಹೊರಗಿನವರಿಗೆ ಉಪ್ಪು ಕೊಡ್ತಿರಲಿಲ್ಲ. ಆದ್ರ ತನ್ನ ಮನಿಯವರ ತಾಟಿಗೆ ತಾನ ಬಡಸ್ತಿದ್ಲು. ನಾನು ಹೊರಗಿನವನೋ ಒಳಗಿನವನೋ... ಅಷ್ಟ ಕೇಳಾಕ ಬಂದೇನಿ."

ನೇತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಲೇಯಾಗ ನಿಮ್ಮವಳ ಒಬ್ಬ ತಾಯಿ ಬೇಕು. ಎಲ್ಲಾ ತಾಯಿಯಿಂದನ ಬರೋದು ಅಂತ ಅವರು ಹೇಳಿದ್ದು ನಾನೂ ಕೇಳೇನಿ."

"ಅದಕ್ಕ 'ಹೋಗ್ರಿ' ಅಂದ್ರೇನು?"

"ಮತ್ಯಾಕ ಅಂತೀನಿ?"

ರೂಬೆನ್ ಹಣೆ ಹಿಡಿದುಕೊಂಡ. "ಅವರು ಹೇಳಿದ್ದು ಡೀನಾನ ಬಗ್ಗೆ. ಡೀನಾ ಯಹೂದಿ, ಹಂಗಾಗಿ ಲೇಯಾ ಯಹೂದಿ. ಸೀಟಿಗೆ ಅದನ್ನ ಕೇಳಿದ್ರು. ಇನ್ನ ನಾ ಯಾರನ್ನ ಮದುವಿ ಆದ್ರೂ ಅದು ಬದಲಾಗಂಗಿಲ್ಲ. ಆ ಶಾಲಿ ಬಾಗಿಲಾನ ಲೇಯಾನ ಅವ್ವ ಹಡದಾಗನ ತಗದ ಹೋಗ್ಯಾಳ."

ನೇತ್ರಾ ಚೌಕಟ್ಟಿನಿಂದ ಕೈ ತೆಗೆದಳು. ಇಷ್ಟು ದಿನ ಒಂದು ಅರ್ಧ ವಾಕ್ಯಕ್ಕೆ ಹೆದರಿ ಬದುಕಿದ್ದೆನೆ?

"ನೀವು ಗೇಟಿನಾಗ 'ಬರೀ ನೆರೆಯವಳು' ಅಂದ್ರಿ," ಅವನು ಮೆಲ್ಲಗೆ ಹೇಳಿದ. "ನಾನು ಅದನ್ನ ಖರೇ ಅಂತ ನಂಬಿದೆ."

"ಮಂದಿ ಏನರ ಅಂದ್ರ?"

"ಫ್ರಾವ್ ಗುರೆವಿಚ್ ಎರಡ ಮಾತ ಅಂತಾರ. ಅನ್ಲಿ. ಶನಿವಾರ ನಾನು, ಲೇಯಾ ಮಂದಿರಕ್ಕ ಹೋಗ್ತೀವಿ. ನೀವು ಬಂದ್ರೂ ಆತು, ಮನಿಯಾಗ ನಿಮ್ಮ ದೇವರ ಮುಂದ ಕುಂತ್ರೂ ಆತು. ಆ ಮನಿ ಮೂರು ಕೋಣಿದು, ಇಬ್ಬರಿಗೆ ದೊಡ್ಡದಾಕ್ಕೈತಿ. ಅಲ್ಲಿಂದ ನಿಮ್ಮ ಆಫೀಸಿಗೆ ನೆಟ್ಟಗ ರೈಲು ಐತಿ."

ಪ್ರೀತಿಯ ಮಾತಿನ ನಡುವೆ ರೈಲಿನ ದಾರಿ ಹೇಳುವ ಗಂಡಸು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಲೇಯಾ ಅಪ್ಪನ ಅಂಗಿ ಜಗ್ಗಿದಳು. "ಪಾಪಾ, ಕತ್ತಲಾಗುತ್ತಿದೆ. ಬತ್ತಿ ಹಚ್ಚಬೇಕು," ಎಂದಳು ಜರ್ಮನ್‌ನಲ್ಲಿ. ಆಮೇಲೆ ಬಟ್ಟಲನ್ನು ಮುಂದೆ ಹಿಡಿದು, "ಉಪ್ಪ್ ಕೊಡ್ರಿ."

ನೇತ್ರಾ ತಿರುಗಿದಳು. ಬಸಕ್ಕ ಆಗಲೇ ಉಪ್ಪಿನ ಡಬ್ಬಿ ಹಿಡಿದು ಹಿಂದೆ ನಿಂತಿದ್ದಳು.

"ಬಟ್ಟಲದಾಗ ಹಾಕು. ಕೈಯಾಗ ಕೊಡಬ್ಯಾಡ, ಜಗಳಾಗ್ತಾವ."

ನೇತ್ರಾ ಡಬ್ಬಿಯಿಂದ ಒಂದು ಚಿಟಿಕೆ ತೆಗೆದಳು. ರೂಬೆನ್‌ನ ಕೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿಯೇ ಇಟ್ಟು ಬೆರಳು ಮುಚ್ಚಿದಳು.

"ಆಗ್ಲಿ ಬಿಡು, ಯವ್ವಾ. ಜಗಳಾಡಾಕ ಒಂದ ಮನಿಯಾಗ ಇರಬೇಕಲ್ಲ."

ಬಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು. "ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನಿ ಅಂತಾರ. ಗೊತ್ತೈತೇನಪಾ ನಿನಗ?"

"ಗೊತ್ತೈತ್ರೀ ಯವ್ವಾ. ಆದ್ರ ದೂರ ಕುಂತ ನೆನಿಯೋದು ನನ್ನಿಂದ ಆಗಂಗಿಲ್ಲ."

ಅವನು ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ. ಅವಳೂ ಆ ಮುಷ್ಟಿಯನ್ನು ಬಿಟ್ಟಿರಲಿಲ್ಲ. ಲೇಯಾ ಇಬ್ಬರನ್ನೂ ಎಳೆಯುತ್ತ ಮೆಟ್ಟಿಲಿಗೆ ಕಾಲಿಟ್ಟಿದ್ದಳು.

"ಮತ್ತ ಬರೋ ಗುರುವಾರ?" ರೂಬೆನ್ ಕೇಳಿದ.

"ಗುರುವಾರ ಕೇಳಾಕ ಬರಬ್ಯಾಡ್ರಿ," ಎಂದಳು ನೇತ್ರಾ. "ಇನ್ನ ಡಬ್ಬಿ ಒಂದ ಅಲ್ಲೇನು?"