ಮೂರನೆಯ ಚೇಳುರಾಣಿ

ಶಾಮಣ್ಣನವರ ಬಲಗೈ ಮೇಜು ಬಿಟ್ಟು ಬರುವಂತಿರಲಿಲ್ಲ. ಉಕ್ಕಿನ ಕೈವಾರದ ಮುಳ್ಳು ಅಂಗೈ ತೂರಿ ಚಿತ್ರ ಬರೆಯುವ ಹಲಗೆಗೆ ನಾಟಿತ್ತು. ಕತ್ತು ಈ ಕಿವಿಯಿಂದ ಆ ಕಿವಿಯವರೆಗೆ ಸೀಳಿಹೋಗಿತ್ತು. ಬಲಗೆನ್ನೆಯ ಮೇಲೆ ಕಪ್ಪು ಇಂಕಿನ ಚೇಳು—ಕೊಂಡಿ ಎತ್ತಿ ನಿಂತ ಚೇಳು!

ಮೊದಲು ನೋಡಿದವನು ನಾನೇ. ಹೆಸರು ಬೋರಣ್ಣ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟುಕೊಂಡವನು. ಟಿವಿ ಬಂದ ಮೇಲೆ ಮುಚ್ಚಬೇಕಾಗಿದ್ದ ಅಂಗಡಿಯನ್ನು ಬರೀ ಹಠಕ್ಕೆ ತೆರೆದಿಟ್ಟಿದ್ದೇನೆ. 2003ರ ಆ ಬೆಳಿಗ್ಗೆ ಬನಶಂಕರಿ ಎರಡನೇ ಹಂತದ ಅವರ ಮನೆಗೆ ಹೋದದ್ದು ಹೊಸ ಕಾಮಿಕ್ಸ್ ಯಾವಾಗ ಬರುತ್ತದೆಂದು ಕೇಳಲು. ಬಾಗಿಲು ತೆರೆದೇ ಇತ್ತು. ಒಳಗೆ ಕಂಡದ್ದು ಇದು. ಹೊರಗೆ ಓಡಿ ಬಂದೆ. ಆಮೇಲೆ ಪೊಲೀಸರಿಗೂ ನೀಲಗಂಗಮ್ಮನವರಿಗೂ ಫೋನ್ ಮಾಡಿದೆ.

ನೀಲಗಂಗಮ್ಮ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ನನ್ನ ಅಂಗಡಿಯ ಮಹಡಿಯಲ್ಲಿ ಪತ್ತೇದಾರಿ ಆಫೀಸು ನಡೆಸುತ್ತಾರೆ. ನನ್ನಿಂದ ಪತ್ತೇದಾರಿ ಕಾದಂಬರಿ ಬಾಡಿಗೆಗೆ ಒಯ್ದು, ಅರ್ಧದಲ್ಲೇ ಕೊಲೆಗಾರನ ಹೆಸರನ್ನು ಅಂಚಿನಲ್ಲಿ ಬರೆದು ವಾಪಸು ಕೊಡುವ ದುಷ್ಟ ಹೆಂಗಸು. ಮುಂದೆ ಓದುವವರ ಹೊಟ್ಟೆಯುರಿ ನನಗೆ ತಟ್ಟುತ್ತದೆ.

ಚೇಳುರಾಣಿ ಎಂದರೆ ಒಬ್ಬಳಲ್ಲ. ಶಾಮಣ್ಣನವರ ಕಾಮಿಕ್ಸ್‌ನಲ್ಲಿ ಹೆಸರು ಒಂದೇ, ಹೆಂಗಸರು ಬೇರೆ. ಹಳಬಳನ್ನು ಕೊಂದವಳಿಗೆ ಆ ಹೆಸರು. ಪ್ರತಿ ಚೇಳುರಾಣಿಗೂ ನಮ್ಮೂರಿನ ಒಬ್ಬ ಹೆಂಗಸಿನ ಮುಖ ಕೊಡುವುದು ಅವರ ಪದ್ಧತಿ. ಮೊದಲನೆಯವಳಿಗೆ ನಾಟಕದ ಕಮಲಾದೇವಿಯ ಮುಖ. ಎರಡನೆಯವಳಿಗೆ ಮುಖ ಕೊಟ್ಟ ಅಮ್ಮಣ್ಣಿ ಈಗಿಲ್ಲ. ಮೂರನೆಯವಳು ಈ ತಿಂಗಳು ಬರಬೇಕಿತ್ತು, ಜೊತೆಗೆ ಪ್ರತಿಗಳು ಎಂದೋ ಮುಗಿದುಹೋದ ಮೊದಲ ಪುಸ್ತಕದ ಮರುಮುದ್ರಣವೂ. ಆ ಮೊದಲ ಪುಸ್ತಕದಲ್ಲಿ ಒಂದು ಕೊಲೆಯ ಪುಟವಿದೆ. ಕೈಗೆ ಕೈವಾರ, ಕತ್ತಿಗೆ ಬ್ಲೇಡು, ಕೆನ್ನೆಗೆ ಚೇಳು. ಕೋಣೆ ಆ ಪುಟದ ಹಾಗೆಯೇ ಇತ್ತು.

"ಚಿಕ್ಕೋನಿದ್ದಾಗ ನಾನೂ ಓದಿದೀನಿ. ಪಕ್ಕಾ ಅದೇ ಸೀನು," ಎಂದರು ಇನ್ಸ್‌ಪೆಕ್ಟರ್ ಕೆಂಪರಾಜು. "ಚಿತ್ರಕ್ಕೆ ಇಂಕ್ ಹಾಕೋ ಹುಡ್ಗಿ ಪ್ರಿಯಾಂಕಾದೇ ಕೆಲಸ. ಬ್ಲೇಡ್ ಅವಳ್ದು. ಮನೆ ಕೀ ಅವಳ ಹತ್ರ ಇದೆ. ನಿನ್ನೆ ಸಂಜೆ ಇಬ್ರೂ ಕಿರುಚಾಡಿದ್ದು ಪಕ್ಕದ ಮನೆಯೋರು ಕೇಳಿದಾರೆ."

"ಬಲಗೈಗೇ ಯಾಕೆ ಚುಚ್ಚಿದ್ಲು?" ನೀಲಗಂಗಮ್ಮ ಕೇಳಿದರು.

"ಚಿತ್ರ ಬರೆಯೋ ಕೈ ಅಲ್ವಾ ಮೇಡಂ? ಸಿಟ್ಟು!"

"ಈ ಲ್ಯಾಂಪ್‌ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ಯಾಕೆ?"

ಅವರು ಬಗ್ಗಿ ವೈರಿನ ಜಾಡು ನೋಡಿದರು. ಲ್ಯಾಂಪು ಹೆಣದ ಬಲಕ್ಕಿತ್ತು. ಪ್ಲಗ್ ಇದ್ದದ್ದು ಎಡಗೋಡೆಯಲ್ಲಿ. ವೈರು ಹಲಗೆಯುದ್ದಕ್ಕೂ, ಹೆಪ್ಪುಗಟ್ಟಿದ ರಕ್ತದ ಮೇಲೆಯೇ, ಬಿಗಿಯಾಗಿ ಹಾದುಹೋಗಿತ್ತು.

ಮರುದಿನ ಸ್ಟೇಷನ್ನಿನಲ್ಲಿ ಪ್ರಿಯಾಂಕಾಳನ್ನು ನೋಡಿದೆ. ಗದಗದ ಕಡೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ಕೋಣೆ. ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನನಗೆ ರಕ್ತ ಕುದಿಯಿತು. ಹೊಡೆದವರು ಯಾರೆಂದು ಕೇಳಿದರೆ ಎಲ್ಲರೂ ಫೈಲು ನೋಡುತ್ತಾರೆ! ಊರಿಂದ ಓಡಿಬಂದ ತಾಯಿ ರೇಣವ್ವ ನೀಲಗಂಗಮ್ಮನವರ ಕಾಲು ಹಿಡಿದುಬಿಟ್ಟಳು.

"ಯವ್ವಾ, ಇರಾಕಿ ಒಬ್ಬಾಕೀನ ಮಗಳು. ಗಲ್ಲಿಗೆ ಹಾಕ್ತಾರಂತಲ್ರೀ... ನನ್ನ ಕೂಸಿನ ಜೀವಾ ಉಳಸ್ರೀ."

"ಏಳಮ್ಮ ಮೇಲೆ. ಪ್ರಿಯಾಂಕಾ, ಜಗಳ ಯಾಕಾಯ್ತು?"

"ಮೂರನೇ ಚೇಳುರಾಣಿಗೆ ನನ್ನ ಮಾರಿ ಬರದಿದ್ರು ರೀ. ಬ್ಯಾಡ ಅಂದೆ. ಪುಸ್ತಕ ಬಂದ್ರ ಓಣ್ಯಾನ ಹುಡುಗ್ರು ಬಿಡ್ತಾರೇನ್ರೀ? ಊರಾಗ ನಮ್ಮವ್ವ ಹೆಂಗ ತಿರುಗಾಡಬೇಕು? ಅದಕ್ಕ ಒದರಾಡಿದೆ. ಕೊಂದಿಲ್ರೀ ನಾನು."

"ನಿನ್ನ ಮುಖಕ್ಕೆ ಮುಂಚೆ ಯಾರ ಮುಖ ಅಂತಿದ್ರು?"

"ನಮ್ಮ ಪುಸ್ತಕ ಅಚ್ಚು ಹಾಕೋ ಪ್ರೆಸ್ಸಿನ ಚೈತ್ರ ಅಕ್ಕಾರದು. ಆಮ್ಯಾಲೆ ಮನಸ್ಸು ಬದಲಿ ಮಾಡಿದ್ರು."

"ಕೆಲಸ ಮಾಡುವಾಗ ಲ್ಯಾಂಪ್ ಯಾವ ಕಡೆ ಇಡ್ತಿದ್ರು?"

"ಎಡಕ್ಕರೀ. ಬಲಕ್ಕಿಟ್ರ ಬರಿಯೋ ಕೈಯಿನ ನೆರಳು ಚಿತ್ರದ ಮ್ಯಾಲೆ ಬೀಳ್ತದಲ್ರೀ."

ಅಲ್ಲಿಂದ ಕತ್ರಿಗುಪ್ಪೆಗೆ, ಕಮಲಾದೇವಿಯ ಮನೆಗೆ ಹೋದೆವು. ಆಕೆ ಸೊಂಟ ಮುರಿದುಕೊಂಡು ವಾಕರ್ ಹಿಡಿದಿದ್ದಳು. ಕೊಲೆ ಮಾಡುವುದಿರಲಿ, ಬಾಗಿಲು ತೆಗೆಯಲು ಬರುವಷ್ಟರಲ್ಲೇ ಏದುಸಿರು ಬಿಟ್ಟಳು. ಆದರೂ ಮುಖಕ್ಕೆ ಪೌಡರು ಹಚ್ಚಿಕೊಂಡೇ ಬಂದಳು.

"ತರಕಾರಿಯವನು ಈಗ್ಲೂ ನನ್ನ ಚೇಳುರಾಣಿ ಅಂತಾನೆ," ಎಂದಳು ಹೆಮ್ಮೆಯಿಂದ. "ಹೋದ ವಾರ ಆ ಚೈತ್ರ ಬಂದಿತ್ತು. ಕಾಲಿಗೆ ಬಿದ್ದು, 'ಊರೆಲ್ಲಾ ಆ ಹೆಸ್ರಲ್ಲಿ ಕರೆದ್ರೆ ಹೇಗಿರುತ್ತೆ ಆಂಟಿ?' ಅಂತ ಕೇಳ್ತು. ಹೇಗಿರುತ್ತೆ? ಸಖತ್ತಾಗಿರುತ್ತೆ ಅಂದೆ. ಅತ್ಬಿಡ್ತು ಮಗು."

ನನ್ನ ಲೈಬ್ರರಿಯ ಹಳೆಯ ಪ್ರತಿಯನ್ನು ಜೊತೆಗೆ ತಂದಿದ್ದೆ. ನೀಲಗಂಗಮ್ಮ ಅದನ್ನು ಕಸಿದುಕೊಂಡು, ಕೊಲೆಯ ಪುಟ ತೆರೆದು, ಕಮಲಾದೇವಿ ಬಣ್ಣ ಹಚ್ಚಿಕೊಳ್ಳುವ ದೊಡ್ಡ ಕನ್ನಡಿಯ ಮುಂದೆ ಹಿಡಿದರು. ಬಹಳ ಹೊತ್ತು ಕನ್ನಡಿಯನ್ನೇ ನೋಡಿದರು.

"ಬೋರಣ್ಣ, ಆಟೋ ಕರಿ. ವಿಲ್ಸನ್ ಗಾರ್ಡನ್‌ಗೆ ಹೋಗ್ಬೇಕು. ಕೆಂಪರಾಜುಗೂ ಬರೋಕೆ ಹೇಳು."

ಚೈತ್ರಳ ಅಪ್ಪನದು ಊರಿನ ರಾಗಿ ಹೊಲ ಮಾರಿ ಹಾಕಿದ ಪ್ರೆಸ್ಸು. ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅದರ ಮೇಲೆ ಬಾಗಿ ಚೈತ್ರ ಅಚ್ಚಿಗೆ ಹೋಗುವ ಪಾರದರ್ಶಕ ಫಿಲ್ಮಿನ ಹಾಳೆಗಳನ್ನು ಟೇಪಿನಿಂದ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಕಟ್ಟರ್ ಇತ್ತು.

"ಪಾಪ ಶಾಮಣ್ಣ ಅಂಕಲ್," ಎಂದಳು. ಕಣ್ಣು ಒಣಗಿಯೇ ಇತ್ತು.

"ಈ ಕೆಲಸ ಹೇಗಮ್ಮ ನಡೆಯುತ್ತೆ?"

"ಚಿತ್ರ ಒಂದು ಫಿಲ್ಮು, ಮಾತು ಇನ್ನೊಂದು ಫಿಲ್ಮು ಆಂಟಿ. ಪುಸ್ತಕ ತೆಲುಗಲ್ಲೂ ಬರುತ್ತಲ್ಲಾ, ಚಿತ್ರ ಹಾಗೇ ಇಟ್ಕೊಂಡು ಅಕ್ಷರದ ಫಿಲ್ಮು ಮಾತ್ರ ಬದಲಾಯಿಸಿ ಅಂಟಿಸ್ತೀನಿ."

"ಮೊದಲನೇ ಪುಸ್ತಕ ಓದಿದೀಯಾ?"

"ಎಲ್ಲಿ ಸಿಗುತ್ತೆ? ನಾನು ಹುಟ್ಟೋಕ್ ಮುಂಚೇನೇ ಖಾಲಿಯಾಗಿತ್ತಂತೆ. ಫಿಲ್ಮಲ್ಲೇ ನೋಡಿದ್ದು."

"ಆ ಕೊಲೆ ಪುಟ ತೋರ್ಸು."

ಅವಳು ಹಾಳೆಯನ್ನು ಗಾಜಿನ ಮೇಲೆ ಇಟ್ಟಳು. ಮಾತುಗಳನ್ನು ಸಲೀಸಾಗಿ ಓದಬಹುದಿತ್ತು.

"ಚೇಳು ಅವನ ಯಾವ ಕೆನ್ನೇಲಿದೆ?"

"ಬಲಗೆನ್ನೆ."

"ಚುಚ್ಚಿರೋದು?"

"ಬಲಗೈ. ಲ್ಯಾಂಪೂ ಬಲಕ್ಕೇ ಇದೆ. ಯಾಕಾಂಟಿ?"

ನಾನು ಕೈಯಲ್ಲಿದ್ದ ಹಳೆಯ ಪುಸ್ತಕ ತೆರೆದೆ. ಎಡಗೆನ್ನೆ. ಎಡಗೈ. ಲ್ಯಾಂಪು ಎಡಕ್ಕೆ! ಎಷ್ಟು ಸಲ ಓದಿದ ಪುಟ, ಎರಡು ದಿನ ಕಂಕುಳಲ್ಲಿ ಇಟ್ಟುಕೊಂಡು ತಿರುಗಿದ ಪುಟ. ನನ್ನ ಕಣ್ಣಿಗೆ ಏನಾಗಿತ್ತೋ ದೇವರೇ ಬಲ್ಲ.

"ಚಿತ್ರದ ಫಿಲ್ಮನ್ನ ನೀನು ಮಗುಚಿ ಅಂಟಿಸಿದೀಯಾ," ಎಂದರು ನೀಲಗಂಗಮ್ಮ. "ಅಕ್ಷರ ಬೇರೆ ಫಿಲ್ಮು, ಅದು ನೆಟ್ಟಗಿದೆ. ಅದಕ್ಕೇ ನಿನಗೆ ಗೊತ್ತಾಗ್ಲಿಲ್ಲ. ಈ ಪ್ರೆಸ್ಸಲ್ಲಿ ಮಾತ್ರ ಆಗೋ ತಪ್ಪು ಇದು. ಪುಸ್ತಕ ಓದಿದವನು ಕೊಂದಿದ್ರೆ ಚೇಳು ಎಡಗೆನ್ನೇಲಿರ್ತಿತ್ತು. ಮರುಮುದ್ರಣಕ್ಕೆ ಅಂತ ಆ ಪುಟಕ್ಕೆ ಮತ್ತೆ ಇಂಕ್ ಹಾಕಿದ ಪ್ರಿಯಾಂಕಾ ಕೊಂದಿದ್ರೂ ಎಡಗೆನ್ನೇನೇ. ಎಡಕ್ಕಿದ್ದ ಲ್ಯಾಂಪನ್ನ, ರಕ್ತ ಹೆಪ್ಪುಗಟ್ಟಿದ ಮೇಲೆ, ವೈರು ಎಳೆದು ಬಲಕ್ಕಿಟ್ಟೋರು ಯಾರು? ಈ ಹಾಳೇಲಿರೋ ಹಾಗೇ ಕೋಣೆ ಜೋಡಿಸಿದವಳು. ಇದನ್ನ ನೋಡಿರೋದು ನೀನೊಬ್ಳೇ, ಚೈತ್ರ."

"ಸುಮ್ನೆ ಏನೇನೋ ಹೇಳ್ಬೇಡಿ! ಈ ಫಿಲ್ಮನ್ನ ನಾನು ಅಲ್ಲಿಗೆ ತಗೊಂಡೇ ಹೋಗಿಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಫಿಲ್ಮನ್ನು ಅಲ್ಲಿಗೆ ಒಯ್ದಳೆಂದು ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ಟೇಪಿನ ಅಂಚಿನ ಕೆಳಗೆ ಇರೋ ಕೆಂಪು ಏನು?"

"ಫಿಲ್ಮು ತಿದ್ದೋ ಬಣ್ಣ."

"ಲ್ಯಾಬಿಗೆ ಕಳಿಸೋಣ. ಬಣ್ಣವೋ ಶಾಮಣ್ಣನೋ ಅವ್ರೇ ಹೇಳ್ತಾರೆ."

ಚೈತ್ರಳ ಕೈ ಕಟ್ಟರಿಗೆ ಹೋದದ್ದೇ ನನಗೆ ಕಾಣಲಿಲ್ಲ. ನೀಲಗಂಗಮ್ಮನವರ ಮುಂಗೈ ಮೊಣಕೈತನಕ ಹರಿದು ಗಾಜಿನ ಮೇಲೆಲ್ಲ ರಕ್ತ ಚೆಲ್ಲಿತು. ಬೆಳಕೇ ಕೆಂಪಾಯಿತು. ಎರಡನೇ ಏಟು ಕತ್ತಿಗೆ ಬೀಸಿದಳು. ನಾನು ಧೈರ್ಯವಂತನಲ್ಲ. ಆದರೂ ಕೈಗೆ ಸಿಕ್ಕಿದ ಕಬ್ಬಿಣದ ಸ್ಕೇಲಿನಿಂದ ಅವಳ ಮಣಿಕಟ್ಟಿಗೆ ಬಲವಾಗಿ ಹೊಡೆದೆ. ಮೂಳೆ ಲಟಕ್ಕೆಂದದ್ದು ಕೇಳಿಸಿತು. ಅವಳು ಕಿರುಚುತ್ತಾ ಎಡಗೈಯಿಂದ ನನ್ನ ಮುಖ ಪರಚಿದಳು. ಅಷ್ಟರಲ್ಲಿ ಕೆಂಪರಾಜು ನುಗ್ಗಿ ಅವಳನ್ನು ನೆಲಕ್ಕೆ ಒತ್ತಿ ಹಿಡಿದರು.

"ಅವಳ ಮುಖಾನ ನನ್ನ ಕೈಯಿಂದಾನೇ ಅಂಟಿಸೋಕೆ ಕೊಟ್ರು!" ನೆಲದ ಮೇಲಿಂದಲೇ ಕೂಗಿದಳು ಚೈತ್ರ. "ನನ್ನ ಮುಖ ಬರುತ್ತೆ ಅಂತ ಎಲ್ರಿಗೂ ಹೇಳ್ಕೊಂಡಿದ್ದೆ ನಾನು. ಬೇಡ ಬೇಡ ಅಂತ ಅಳೋಳಿಗೆ ಆ ಹೆಸ್ರು, ಬೇಕು ಅಂದೋಳಿಗಿಲ್ಲ! ಫಿಲ್ಮು ತೋರ್ಸೋ ನೆಪದಲ್ಲಿ ಕೇಳೋಕೆ ಹೋದ್ರೆ ನಕ್ರು. ನಿನ್ನ ಮುಖದಲ್ಲಿ ವಿಷ ಇಲ್ಲಮ್ಮ ಅಂತ ನಕ್ರು! ಅವಳ ಬ್ಲೇಡು ಅಲ್ಲೇ ಬಿದ್ದಿತ್ತು. ಅವರೂ ಹೋಗ್ಲಿ, ಅವಳೂ ಹೋಗ್ಲಿ ಅಂದ್ಕೊಂಡೆ."

ನೀಲಗಂಗಮ್ಮ ಸೆರಗಿನಿಂದ ಕೈ ಸುತ್ತಿಕೊಂಡರು.

ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಜೀಪಿಗೆ ಹತ್ತಿಸುವಾಗ ಗುಂಪಿನಲ್ಲಿ ಯಾರೋ "ಚೇಳುರಾಣಿ ಕಣ್ರೋ!" ಎಂದು ಕೂಗಿದರು. ಮುರಿದ ಕೈಯ ನೋವಿನಲ್ಲೂ ಚೈತ್ರ ಥಟ್ಟನೆ ತಿರುಗಿ ನೋಡಿದಳು. ಪೇಪರಿನವರ ಕ್ಯಾಮೆರಾ ಮಿಂಚಿದ್ದು ಆಗಲೇ.

ಮರುದಿನ ಪ್ರಿಯಾಂಕಾ ಬಿಡುಗಡೆಯಾಗಿ ತಾಯಿಯ ಜೊತೆ ನನ್ನ ಅಂಗಡಿಗೆ ಬಂದಳು. ಮೇಜಿನ ಮೇಲೆ ಪೇಪರಿತ್ತು: 'ಚೇಳುರಾಣಿ ಸೆರೆ.' ಕೆಳಗೆ ಮುಖಪುಟದ ತುಂಬ ಚೈತ್ರಳ ಫೋಟೋ. ಅವಳು ನಗುತ್ತಿದ್ದಳು. ನಾನು ಅವಸರದಲ್ಲಿ ಪೇಪರು ಮಡಿಸಲು ಹೋದೆ. ಪ್ರಿಯಾಂಕಾ ತಡೆದು, ಊದಿದ ಕಣ್ಣಿನಿಂದಲೇ ಪೂರ್ತಿ ಓದಿದಳು.

"ಆ ಹೆಸರ ಆಕೀನ ಇಟ್ಕೊಳ್ಳಲಿ ರೀ," ಎಂದಳು. "ಅದರ ಸಲುವಾಗಿ ನಮ್ಮ ಸರ್ ಸತ್ರು. ಅವರ ಇಲ್ಲಂದ ಮ್ಯಾಲ ಇಂಕು ಯಾರ ಚಿತ್ರಕ್ಕ ಹಾಕ್ಲಿ ನಾನು?"

ಅಲ್ಲಿಯತನಕ ತಡೆದುಕೊಂಡಿದ್ದ ಹುಡುಗಿ ಆಗ ಅತ್ತಳು.