ಗುಡಿಸದ ಅಡುಗೆಮನೆ

“ಇಡೇ ಪೊರಕೆ ಕೆಳಗೆ! ನನ್ನ ಮಗ ಇನ್ನೂ ನೆಲ ಮುಟ್ಟಿಲ್ಲ... ಅಷ್ಟರಲ್ಲಿ ಮನೆ ಗುಡಿಸೋಕೆ ಹೊರಟ್ಯಾ?”

ಅತ್ತೆ ವಿಜಯಮ್ಮನ ಕೂಗಿಗೆ ಜಾಹ್ನವಿ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಳು. ಮನೆಯಿಂದ ಹೊರಟವರು ಊರು ಸೇರುವವರೆಗೆ ಕಸ ಗುಡಿಸಬಾರದು, ಅದು ಅತ್ತೆಯ ಶಾಸ್ತ್ರ. ಹೊರಟವನು ಮೈಸೂರಿಗೆ ಹೋಗಿದ್ದರೆ ಸಂಜೆಗೆ ಮುಗಿಯುತ್ತಿತ್ತು. ಪ್ರಶಾಂತ್ ಹೋದದ್ದು ಆಕಾಶಕ್ಕೆ! ಹೊಸ ಬಾಹ್ಯಾಕಾಶ ನೌಕೆಯಲ್ಲಿ ಮೊದಲ ಬಾರಿಗೆ ಹಾರಿದ ಮೂವರಲ್ಲಿ ಅವನೂ ಒಬ್ಬ. ಜಾಹ್ನವಿ ಕೆಲಸಕ್ಕಿದ್ದ ಕೊಲ್ಲಿ ದೇಶದ ಅಲ್ ವಕ್ರಾದ ಫ್ಲ್ಯಾಟಿನಲ್ಲೋ, ಅವನು ಹಾರಿದ ದಿನದಿಂದ ಮರಳುಗಾಳಿ. ಕಿಟಕಿ ಎಷ್ಟು ಭದ್ರ ಮಾಡಿದರೂ ಮರಳು ನುಗ್ಗಿ ಸೋಫಾ, ಟಿ.ವಿ., ದೇವರ ಗೂಡು ಎಲ್ಲದರ ಮೇಲೂ ಕೂತಿತ್ತು. ಮರಳಿಗೇನು ಗೊತ್ತು ಅತ್ತೆಯ ಶಾಸ್ತ್ರ!

“ನೀನು ಬೇಡ ಅಂದಿದ್ರೆ ಅವನು ಹೋಗ್ತಿರ್ಲಿಲ್ಲ. ನಗ್ತಾ ನಗ್ತಾ ಕಳಿಸಿಕೊಟ್ಟೆ. ಅವನಿಗೇನಾದ್ರೂ ಆದ್ರೆ ಕೊಂದೋಳು ನೀನೇ ಕಣೆ!”

ನೌಕೆ ಹಾರುವುದನ್ನು ನೋಡಲು ಕೇಂದ್ರಕ್ಕೆ ಜಾಹ್ನವಿಯನ್ನು ಕರೆದಿದ್ದರು. “ನಂಗೆ ನೋಡೋ ಧೈರ್ಯ ಇಲ್ಲ” ಎಂದ ಈ ಅತ್ತೆಗಾಗಿಯೇ ಇಲ್ಲಿ ಉಳಿದಿದ್ದಳು. ರಜೆಯ ಕೊನೆಯ ಸಂಜೆ ವಕ್ರಾದ ಕಡಲ ದಂಡೆಯಲ್ಲಿ ಪ್ರಶಾಂತ್ ಏನನ್ನೂ ಮುಚ್ಚಿಟ್ಟಿರಲಿಲ್ಲ. “ಹೋಗೋದಕ್ಕಿಂತ ವಾಪಸ್ ಬರೋದೇ ಕಷ್ಟ ಜಾನು. ನೌಕೆ ಸುತ್ತ ಬೆಂಕಿ, ಆಮೇಲೆ ಪ್ಯಾರಾಚೂಟ್ ನಂಬ್ಕೊಂಡು ಕೂತಿರ್ಬೇಕು. ಮೊದಮೊದಲು ಹೋದೋರಿಗೆ ಇಷ್ಟೂ ಗೊತ್ತಿರ್ಲಿಲ್ಲ, ಆದ್ರೂ ಹತ್ತಿ ಕೂತ್ರು. ನಂಗೂ ಭಯ ಇದೆ...” ಭಯವಿದೆ ಎಂದು ಒಪ್ಪಿಕೊಂಡೂ ಹೊರಟವನನ್ನು ತಡೆಯಲು ಅವಳಿಗೆ ಬಾಯಿ ಬಂದಿರಲಿಲ್ಲ.

ಅತ್ತೆ ಪೊರಕೆ ಇಡಿಸಿದ ದಿನವೇ ಮಧ್ಯಾಹ್ನ ನೌಕೆ ಬೆಂಕಿ ದಾಟಿ ಬಂತು. ಟಿ.ವಿ.ಯಲ್ಲಿ ಪ್ಯಾರಾಚೂಟ್‌ಗಳು ಬಿಚ್ಚಿಕೊಂಡವು.

“ಬಂದ! ನನ್ನ ಕಂದ ಬಂದ!” ಎನ್ನುತ್ತ ವಿಜಯಮ್ಮ ತಾವೇ ಪೊರಕೆ ಹಿಡಿದು ಹಾಲ್ ಗುಡಿಸತೊಡಗಿದರು.

“ಅತ್ತೆ, ನೌಕೆ ಇನ್ನೂ ಸಮುದ್ರ ಮುಟ್ಟಿಲ್ಲ...”

ಅವರಿಗೆ ಕೇಳಿಸಲಿಲ್ಲ. ಒಂದು ಪ್ಯಾರಾಚೂಟ್ ಹರಿಯಿತು. ಅದರ ಹಿಂದೆಯೇ ಇನ್ನೊಂದು. ನೌಕೆ ಸಮುದ್ರಕ್ಕೆ ಬಡಿಯಿತು, ಚಿತ್ರ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಕೇಂದ್ರದಿಂದ ಫೋನ್ ಬಂತು. ಜಾಹ್ನವಿ “ಹೂಂ” ಅಂದಳು. ಮತ್ತೊಮ್ಮೆ “ಹೂಂ” ಅಂದಳು. ಫೋನನ್ನು ಟೇಬಲ್ ಮೇಲೆ ನೇರವಾಗಿ ಇಟ್ಟಳು. ಅಳು ಬರಲಿಲ್ಲ, ಏನೂ ಬರಲಿಲ್ಲ.

“ಯಾರೂ ಉಳಿದಿಲ್ವಂತೆ ಅತ್ತೆ.”

ವಿಜಯಮ್ಮ ಕೈಯಲ್ಲಿದ್ದ ಪೊರಕೆಯನ್ನೇ ನೋಡುತ್ತ ಕುಸಿದರು. “ನಾನೇ ಗುಡಿಸಿಬಿಟ್ನಲ್ಲೇ... ಅವನು ಮುಟ್ಟೋ ಮೊದ್ಲೇ... ಹೆತ್ತೋಳೇ ಗುಡಿಸಿಬಿಟ್ನಲ್ಲೇ!”

ಪೊರಕೆಗೂ ಪ್ಯಾರಾಚೂಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ತಾಯಿಗೆ ಆ ಹೊತ್ತಿನಲ್ಲಿ ಅದನ್ನು ಹೇಳುವವರು ಯಾರು? ಜಾಹ್ನವಿ ಸುಮ್ಮನಿದ್ದರೆ ಸಾಕಿತ್ತು, ‘ಕೊಂದೋಳು’ ಎಂಬ ಮಾತು ಆಡಿದವರ ತಲೆಗೇ ಬಂದು ಕೂರುತ್ತಿತ್ತು. ಅವಳು ಸುಮ್ಮನಿರಲಿಲ್ಲ.

“ನೀವಲ್ಲ ಅತ್ತೆ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಅಡುಗೆಮನೆ ಗುಡಿಸಿದ್ದೆ. ಮೊದ್ಲು ಗುಡಿಸಿದ್ದು ನಾನು. ಬೈಯೋದಿದ್ರೆ ನನ್ನನ್ನೇ ಬೈಯಿರಿ.”

ವಿಜಯಮ್ಮ ತಲೆಯೆತ್ತಿ ಸೊಸೆಯನ್ನು ದಿಟ್ಟಿಸಿದರು. ಗೋಡೆ ಹಿಡಿದುಕೊಂಡು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಕಿಟಕಿಯ ಕೆಳಗೆ, ಸಿಲಿಂಡರಿನ ಸುತ್ತ, ಮೂಲೆಮೂಲೆಯಲ್ಲೂ ಮರಳು ಹಾಗೇ ಬಿದ್ದಿತ್ತು. ಅದರ ಮೇಲೆ ಜಾಹ್ನವಿಯ ಬರಿಗಾಲಿನ ಗುರುತುಗಳಿದ್ದವು. ಪೊರಕೆ ಆಡಿದ ಗೀರು ಒಂದೂ ಇರಲಿಲ್ಲ.

ಅವರು ಹೊಸ್ತಿಲ ಬಳಿ ಕೂತರು.

“ಬಾರೇ ಇಲ್ಲಿ...”

ಜಾಹ್ನವಿ ಬಂದಳು. ವಿಜಯಮ್ಮ ಅವಳ ಕೈ ಹಿಡಿದು ಬಾಗಿಲಲ್ಲೇ ಪಕ್ಕ ಕೂರಿಸಿಕೊಂಡರು.

“ಇಲ್ಲಿ ಗುಡಿಸ್ಬೇಡ ಮಗಳೇ. ಇವತ್ತೊಂದಿನ ಹೀಗೇ ಇರ್ಲಿ.”

“ಆಯ್ತು ಅತ್ತೆ” ಎಂದಳು ಜಾಹ್ನವಿ.