ತೂತಿಲ್ಲದ ರೋಲ್

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸನ್ನು ಕಂಡು ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಫೈಲನ್ನು ಸುಮ್ಮನೆ ಇನ್ನೊಮ್ಮೆ ತಿರುವಿಹಾಕಿದರು. ಹಿಂದಿನ ಶನಿವಾರ ಸಂಜೆ ಹೈನು ಫಾರಂನ ಅಂಗಳದಲ್ಲಿ ಈಕೆಯ ಗಂಡ ಹುಲ್ಲಿನ ರೋಲ್ ಮೈಮೇಲೆ ಬಿದ್ದು ಸತ್ತಿದ್ದ. ಒಣಹುಲ್ಲನ್ನು ಯಂತ್ರದಲ್ಲಿ ಬಿಗಿಯಾಗಿ ಸುತ್ತಿದ ಆಳೆತ್ತರದ ದುಂಡು ರೋಲ್, ಒಬ್ಬಿಬ್ಬರು ನೂಕಿದರೆ ಅಲ್ಲಾಡುವಂಥದ್ದಲ್ಲ. ಇನ್ಸ್‌ಪೆಕ್ಟರ್ ಅರ್ಧ ಗಂಟೆಯಲ್ಲಿ ಪಂಚನಾಮೆ ಮುಗಿಸಿ, ಅಸಹಜ ಸಾವು ಎಂದು ದಾಖಲಿಸಿ, ಜೀಪು ಹತ್ತುವ ಮುಂಚೆ ನೆರೆದವರ ಎದುರಿಗೇ ಆಕೆಗೆ ಒಂದು ಮಾತು ಹೇಳಿದ್ದರು: ‘ಅವರು ಸ್ವಲ್ಪ ಜಾಗ್ರತೆಯಿಂದ ಇದ್ದಿದ್ರೆ ಉಳೀತಿದ್ರಮ್ಮ.’ ಸತ್ತವನ ಹೆಂಡತಿಗೆ ಹೇಳುವ ಮಾತೇ ಅದು? ಮನೆಗೆ ಹೋಗಿ ಊಟಕ್ಕೆ ಕೂತಾಗಲೇ ಅದು ನೆನಪಾಗಿ ಅವರು ಅರ್ಧಕ್ಕೇ ಎದ್ದಿದ್ದರು.

ಕುರ್ಚಿ ತೋರಿಸಿದರೂ ಆಕೆ ಕೂರಲಿಲ್ಲ.

‘ನಮ್ಮನೆಯವ್ರು ಎತ್ತಿದ ರೋಲ್ ಕೆಳಗೆ ಹೋಗಿ ನಿಲ್ಲೋರಲ್ಲ ಸಾರ್. ನಿಮ್ಮಪ್ಪ ದಡ್ಡತನದಿಂದ ಸತ್ತ ಅಂತ ಶಾಲೇಲಿ ಆಡ್ಕೋತಾರಂತೆ. ಮಗಳು ಹೋಗಲ್ಲ ಅಂತ ಕೂತಿದಾಳೆ.’

‘ಯಾರ ಮೇಲೆ ಅನುಮಾನ?’

‘ಮಾಲೀಕರ ಮೇಲೆ. ಬೇಗ ಮುಗ್ಸಿ ಅಂತ ಯಾವಾಗ್ಲೂ ಜೀವ ತಿಂತಾರೆ. ಬೇಕಾದ್ರೆ ನಮ್ಮಣ್ಣನ್ನೇ ಕೇಳಿ, ಅವನು ಅಲ್ಲೇ ಇದ್ದ.’

ಅಣ್ಣನನ್ನು ಇನ್ಸ್‌ಪೆಕ್ಟರ್ ಶನಿವಾರವೇ ಕೇಳಿದ್ದರು. ಕೇಳಿದ್ದು ಅವನೊಬ್ಬನನ್ನೇ. ಫಾರಂನ ಹಿರಿಯ ಟ್ರಾಕ್ಟರ್ ಚಾಲಕ. ಹೊಸಬರನ್ನೆಲ್ಲ ತಿದ್ದಿ ತೀಡಿದವನೆಂದು ಎಲ್ಲರ ಬಾಯಲ್ಲೂ ಮೇಷ್ಟ್ರು. ಭಾವಮೈದುನನೇ ಗಾಡಿ ಓಡಿಸುತ್ತಿದ್ದ, ಟ್ರಾಕ್ಟರಿನ ಮುಂದಿರುವ ಲೋಡರಿನ ಉದ್ದನೆಯ ಕಬ್ಬಿಣದ ಮುಳ್ಳಿಗೆ ಚುಚ್ಚಿದ ರೋಲನ್ನು ಮೇಲೆತ್ತಿ ಹಾಗೇ ಬಿಟ್ಟು, ಕೆಳಗಿನ ಸಾಲಿಗೆ ಮರದ ತುಂಡು ಒತ್ತು ಕೊಡಲು ಇಳಿದ, ರೋಲ್ ಜಾರಿತು ಎಂದು ಅವನು ಕಣ್ಣೊರೆಸಿಕೊಳ್ಳುತ್ತ ಹೇಳಿದ್ದ. ಮೇಷ್ಟ್ರ ಮಾತಿಗೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ.

‘ನೀವು ಆಗ ಎಲ್ಲಿದ್ರಿ?’

‘ಗೋಡೆ ಆಚೆ, ಹಾಲು ಕರೀತಿದ್ದೆ. ಟ್ರಾಕ್ಟರ್ ಸದ್ದು ನಿಂತೋಯ್ತು. ಆಮೇಲೆ ಸುತ್ತಿಗೆ ಸದ್ದು. ಆಮೇಲೆ ಮತ್ತೆ ಟ್ರಾಕ್ಟರ್. ಅದಾದ್ಮೇಲೆ ಅಣ್ಣ ಕೂಗಿದ.’

‘ಸುತ್ತಿಗೆ ಸದ್ದು ಎಷ್ಟು ಹೊತ್ತು ಇತ್ತು?’

ಆಕೆ ಯೋಚಿಸಿದಳು. ‘ಒಂದು ಹಸು ಕರೆದು ಮುಗಿಸೋ ಅಷ್ಟು.’

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಶವಪರೀಕ್ಷೆಯ ವರದಿ ಹಿಂದಿನ ದಿನವೇ ಬಂದು ಮೇಜಿನ ಮೇಲೆ ಬಿದ್ದಿತ್ತು. ಮುಗಿದ ಪ್ರಕರಣವೆಂದು ಇನ್ಸ್‌ಪೆಕ್ಟರ್ ಅದನ್ನು ಬಿಚ್ಚಿಯೂ ಇರಲಿಲ್ಲ. ಈಗ ಓದಿ ವೈದ್ಯರಿಗೆ ಫೋನ್ ಮಾಡಿದರು. ಆತ ತಕ್ಷಣ ಸತ್ತಿಲ್ಲ, ಒಳಗೊಳಗೇ ರಕ್ತ ಹೋಗಿದೆ, ಬೇಗ ತಂದಿದ್ದರೆ ಒಂದು ಕೈ ನೋಡಬಹುದಿತ್ತು ಎಂದರು ವೈದ್ಯರು. ಇನ್ಸ್‌ಪೆಕ್ಟರ್ ಫೋನ್ ಇಟ್ಟು ದಫೇದಾರರನ್ನು ಕರೆದು ಜೀಪು ತೆಗೆಸಿದರು.

ಫಾರಂನ ಹುಲ್ಲಿನ ಅಂಗಳ ಸ್ವಲ್ಪ ಇಳಿಜಾರು. ಶವದ ಮೇಲಿಂದ ಆಚೆ ಉರುಳಿಸಿದ್ದ ಆ ರೋಲ್ ಬಣವೆಯ ಬುಡದಲ್ಲಿ ಇನ್ನೂ ಹಾಗೇ ಬಿದ್ದಿತ್ತು; ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗಿರಲಿಲ್ಲ. ಹುಲ್ಲು ಕಂಡರಾಗದ ದಫೇದಾರರು ಜೀಪಿನಿಂದ ಇಳಿಯುವ ಮೊದಲೇ ಸೀನತೊಡಗಿದರು. ಮೇಷ್ಟ್ರು ಬಂದು ನಿಂತ. ನಾಲ್ಕೈದು ದಿನಕ್ಕೇ ಮನುಷ್ಯ ಅರ್ಧಕ್ಕಿಳಿದು ಹೋಗಿದ್ದ. ತಂಗಿಯ ಸಂಕಟ ಇವನನ್ನೂ ತಿನ್ನುತ್ತಿದೆ ಎಂದುಕೊಂಡು ಇನ್ಸ್‌ಪೆಕ್ಟರ್ ಮೆತ್ತಗೇ ಕೇಳಿದರು: ರೋಲ್ ಎತ್ತುವ ಸರಿಯಾದ ಕ್ರಮ ಯಾವುದು?

ಕೇಳಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ಮುಳ್ಳು ರೋಲಿನ ಚಪ್ಪಟೆ ಮುಖದ ನಡುಮಧ್ಯಕ್ಕೇ ಪೂರ್ತಿ ಹೋಗಬೇಕು. ತುದಿಯನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಬೇಕು. ಸಾಗಿಸುವಾಗ ನೆಲಕ್ಕೆ ಹತ್ತಿರವೇ ಇರಬೇಕು, ಇಳಿಜಾರಿನಲ್ಲಿ ಅಡ್ಡಡ್ಡ ತಿರುಗಿಸಬಾರದು, ಬಣವೆಯ ಬುಡದ ಸಾಲಿಗೆ ಒತ್ತು ಕೊಡದೆ ಮೇಲೆ ಇನ್ನೊಂದನ್ನು ಏರಿಸಬಾರದು. ಮಣ್ಣು, ಸಗಣಿ ಬಾಚುವ ಬಕೆಟ್ಟಿನಲ್ಲಿ ರೋಲನ್ನು ಕೂರಿಸಿ ಎತ್ತುವವನು ಚಾಲಕನೇ ಅಲ್ಲ; ಅದರಲ್ಲಿ ರೋಲಿಗೆ ಹಿಡಿತವೇ ಇರುವುದಿಲ್ಲ, ಯಾವ ಕಡೆಗಾದರೂ ಉರುಳೀತು. ಇಷ್ಟನ್ನೂ ಶೆಡ್ಡಿನ ಗೋಡೆಗೆ ತಾನೇ ಬಣ್ಣದಲ್ಲಿ ಬರೆದಿದ್ದನ್ನು ಅವನು ಬೆರಳು ಮಾಡಿ ತೋರಿಸಿದ.

ಇನ್ಸ್‌ಪೆಕ್ಟರ್ ಗೋಡೆ ನೋಡಿದರು, ಬಣವೆ ನೋಡಿದರು. ಸಾಲಿಗೆ ಸಾಲೇ ರೋಲುಗಳು, ಒಂದೊಂದರ ಮುಖದ ನಡುಮಧ್ಯದಲ್ಲೂ ಮುಳ್ಳು ಹೊಕ್ಕ, ಮುಷ್ಟಿ ತೂರುವಷ್ಟು ತೂತು. ಕೆಳಗೆ ಬಿದ್ದಿದ್ದ ರೋಲಿನ ಈಚೆ ಮುಖದಲ್ಲಿ ತೂತಿರಲಿಲ್ಲ. ನಾಲ್ಕು ಆಳುಗಳನ್ನು ಕರೆದು ತಿರುಗಿಸಿ ಹಾಕಿಸಿದರು. ಆಚೆ ಮುಖದಲ್ಲೂ ಇರಲಿಲ್ಲ. ಇದ್ದದ್ದು ಹೊಟ್ಟೆಯ ಮೇಲೆ ಅಡ್ಡಕ್ಕೆ ಎಳೆದ ಒಣಗಿದ ಸಗಣಿಯ ಗೆರೆ. ದಫೇದಾರರು ಸೀನುತ್ತಲೇ ಶೆಡ್ಡಿನ ಹಿಂದೆ ಹೋಗಿ ನೋಡಿ, ಸಗಣಿ ಮೆತ್ತಿದ ಬಕೆಟ್ ಅಲ್ಲಿದೆ ಸಾರ್, ಅಂಚಿನಲ್ಲಿ ಹುಲ್ಲಿನ ಎಳೆ ಸಿಕ್ಕಿಕೊಂಡಿದೆ ಎಂದರು.

ಶನಿವಾರ ಇದೇ ಅಂಗಳದಲ್ಲಿ ನಿಂತು ಇದನ್ನೆಲ್ಲ ತಾನೇಕೆ ನೋಡಲಿಲ್ಲ? ಇನ್ಸ್‌ಪೆಕ್ಟರ್ ಚಾಲಕನ ಕಡೆ ತಿರುಗಿದರು.

‘ಮೇಷ್ಟ್ರೇ, ಈ ರೋಲ್‌ಗೆ ಮುಳ್ಳು ಚುಚ್ಚಿದ್ದು ಎಲ್ಲಿ?’

ಮೇಷ್ಟ್ರು ಗೋಡೆಯ ಬರಹದ ಕಡೆ ಕಣ್ಣು ಹೊರಳಿಸಿದ.

‘ಇದನ್ನ ಎತ್ತಿದ್ದು ಬಕೆಟ್‌ನಲ್ಲಿ. ನಾವು ಬಂದಾಗ ಗಾಡೀಲಿ ಇದ್ದದ್ದು ಮುಳ್ಳು. ಬದಲಾಯಿಸ್ಬೇಕಾದ್ರೆ ಏನು ಮಾಡ್ಬೇಕು?’

‘ಪಿನ್ ಹೊಡೆದು ಒಂದನ್ನ ಬಿಚ್ಚಿ ಇನ್ನೊಂದನ್ನ ಸಿಗಿಸ್ಬೇಕು.’

‘ಸುತ್ತಿಗೇಲಿ?’

‘ಹೂಂ.’

‘ರೋಲ್ ಕೆಳಗೆ ಸಿಕ್ಕೊಂಡೋನು ಎದ್ದು ಬಂದು ಹೊಡೆದ್ನಾ?’

ಮೇಷ್ಟ್ರಿಗೆ ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆಳಿಗ್ಗೆ ಸಗಣಿ ಬಾಚಿದ ಬಕೆಟ್ ಗಾಡಿಯಲ್ಲೇ ಇತ್ತು. ಉಳಿದದ್ದು ಒಂದೇ ಒಂದು ರೋಲ್. ಅದಕ್ಕೋಸ್ಕರ ಯಾರು ಬಕೆಟ್ ಬಿಚ್ಚಿ ಮುಳ್ಳು ಹಾಕುತ್ತಾರೆ ಎಂದು ಹಾಗೇ ಎತ್ತಿದ. ಗಾಡಿ ಓಡಿಸುತ್ತಿದ್ದವನು ಮೇಷ್ಟ್ರೇ. ಭಾವಮೈದುನ ಒಂದು ಬದಿಗೆ, ಎತ್ತಿದ ರೋಲಿನಿಂದ ದೂರದಲ್ಲೇ ಬಗ್ಗಿ ಒತ್ತು ಕೊಡುತ್ತಿದ್ದ. ರೋಲ್ ಬಕೆಟ್ಟಿನ ಬದಿಯಿಂದ ಇಳಿಜಾರಿಗೆ ಬಿದ್ದು ಉರುಳಿ ಅವನ ಮೇಲೆ ಹೋಯಿತು.

ಸುದ್ದಿ ತಿಳಿದು ತಂಗಿ ಕೊಟ್ಟಿಗೆಯಿಂದ ಬಂದಾಗ ಅಣ್ಣನ ಕೈಗೆ ಕೋಳ ಬಿದ್ದಿತ್ತು. ಸಮಯ ಮೂರು ಗಂಟೆ ಹತ್ತು ನಿಮಿಷ. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

‘ಅಣ್ಣ, ನೀನು ಪಿನ್ ಹೊಡೀವಾಗ ಅವರಿಗೆ ಎಚ್ಚರ ಇತ್ತಾ?’

ಅವನು ತಲೆ ತಗ್ಗಿಸಿದ. ‘ಇತ್ತು.’

‘ಏನಾದ್ರೂ ಅಂದ್ರಾ?’

‘ಏನು ಹೊಡೀತಿದೀರ ಭಾವ ಅಂತ ಕೇಳ್ದ.’

‘ನೀನೇನಂದೆ?’

‘ನಿನ್ನನ್ನ ಬಿಡಿಸೋಕೇ ಅಂದೆ. ಸರಿ ಅಂತ ಸುಮ್ಮನಾದ.’

ದಫೇದಾರರ ಸೀನು ನಿಂತುಹೋಗಿತ್ತು.

ಭಾವಮೈದುನನ ಮೇಲೆ ಮೇಷ್ಟ್ರಿಗೆ ದ್ವೇಷವೇನೂ ಇರಲಿಲ್ಲವೆಂದು ಆಮೇಲಿನ ವಿಚಾರಣೆಯಲ್ಲಿ ಗೊತ್ತಾಯಿತು. ಕೈ ತಪ್ಪಿತು ಎಂದು ಆಗಲೇ ಕೂಗಿದ್ದರೆ ಬದುಕಿಸುವ ಪ್ರಯತ್ನವಾದರೂ ಆಗುತ್ತಿತ್ತು. ಆದರೆ ಕೂಗಿದರೆ ಜನ ಬರುತ್ತಾರೆ, ಬಂದವರು ಮೊದಲು ನೋಡುವುದು ಬಕೆಟ್ಟನ್ನು, ಆಮೇಲೆ ಗೋಡೆಯ ಮೇಲಿನ ತನ್ನದೇ ಅಕ್ಷರವನ್ನು. ಆ ಅವಮಾನವೊಂದನ್ನು ತಪ್ಪಿಸಿಕೊಳ್ಳಲು ಅವನು ಸುತ್ತಿಗೆ ಹಿಡಿದಿದ್ದ.

ಅಂಗಳದಲ್ಲಿ ಆಕೆ ಈಗ ಇನ್ಸ್‌ಪೆಕ್ಟರರ ಕಡೆ ತಿರುಗಿದಳು. ‘ಅವತ್ತು ಎಲ್ಲರ ಮುಂದೆ ಒಂದು ಮಾತು ಹೇಳಿದ್ರಿ ಸಾರ್.’

ಚಾರ್ಜ್‌ಶೀಟಿನಲ್ಲಿ ಎಲ್ಲವೂ ಬರುತ್ತದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ಅವರ ನಾಲಿಗೆಯ ತುದಿಗೆ ಬಂದೂ ಇತ್ತು. ಅದನ್ನು ನುಂಗಿಕೊಂಡು ಟೋಪಿ ತೆಗೆದು ಕಂಕುಳಲ್ಲಿಟ್ಟು, ಆಳುಗಳಿಗೂ ಮಾಲೀಕನಿಗೂ ಕೇಳುವಂತೆ ಹೇಳಿದರು: ‘ಇವರ ಯಜಮಾನರದ್ದು ಏನೂ ತಪ್ಪಿಲ್ಲ. ಅವತ್ತು ನಾನು ಸರಿಯಾಗಿ ನೋಡ್ದೆ ಮಾತಾಡ್ದೆ.’

‘ನಾಳೆ ಶಾಲೆಗೂ ಬಂದು ಹೇಳ್ತೀರಾ?’ ಎಂದಳು ಆಕೆ.

‘ಬರ್ತೀನಮ್ಮ,’ ಎಂದರು ಇನ್ಸ್‌ಪೆಕ್ಟರ್. ಆಕೆಯ ಮುಖ ನೋಡಲು ಅವರಿಗೆ ಆಗಲಿಲ್ಲ.